ನೆಕ್ಸಸ್‌ಗೆ ಆದ ಅನ್ಯಾಯ ನಾನಿನ್ನೂ ಮರ್ತಿಲ್ಲ

ನಮ್ ಚಿಕ್ಕಮ್ಮನ ಮಗ ಒಬ್ಬ ಇದಾನೆ, ಹತ್ತನೇ ಕ್ಲಾಸು, ನನ್ ಥರಾನೇ ರೆಸ್ಲಿಂಗ್ ಹುಚ್ಚು. ಮೊನ್ನೆ ಕೇಳ್ದ, ಅಣ್ಣಾ, ಡಬ್ಲ್ಯೂಡಬ್ಲ್ಯೂಇದು ಫ್ಲೋರಿಡಾದಲ್ಲಿ ಅಷ್ಟ್ ದೊಡ್ಡ ಟ್ರೈನಿಂಗ್ ಸೆಂಟರ್ ಇದೆ, ಏಳು ರಿಂಗು, ಜಿಮ್ಮು, ಕೋಚ್‌ಗಳು, 2013ರಿಂದ ನಡೀತಾನೇ ಇದೆ, ಆದ್ರೂ ಒಬ್ಬ ಹೊಸ ಸ್ಟಾರ್ ಮೇಲ್ ಬರೋಕೆ ಯಾಕಣ್ಣ ಇಷ್ಟ್ ವರ್ಷ? ಕೂತ್ಕೋ ಮಗಾ, 2010ಕ್ಕೆ, ನೆಕ್ಸಸ್ ಅನ್ನೋ ಹೊಸಬರ ಗ್ಯಾಂಗ್ ಕಥೆಗೆ ಹೋಗ್ಬೇಕು ಅಂದೆ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ.

ಮೊದ್ಲು ಒಂದ್ ವಿಷ್ಯ. ಇದೆಲ್ಲಾ ಸ್ಕ್ರಿಪ್ಟೆಡ್ ಅಲ್ವಾ ಗುರು ಅನ್ನೋರು ದಯವಿಟ್ಟು ಇವತ್ತಾದ್ರೂ ಸುಮ್ನಿರಿ, ನಮಗೂ ಗೊತ್ತು, ಮಾತಿರೋದೇ ಅಲ್ಲಿ. ಮೈಸೂರು ದಸರಾ ಕುಸ್ತೀಲಿ ಒಬ್ಬ ಹೊಸ ಹುಡ್ಗ ಬಂದು ದೊಡ್ಡ ಪೈಲ್ವಾನನ್ನ ಚಿತ್ ಮಾಡಿದ್ರೆ ಮುಗೀತು, ಅವನು ಯಾರನ್ನೂ ಕೇಳ್ಬೇಕಾಗಿಲ್ಲ. ಪ್ರೊ ರೆಸ್ಲಿಂಗಲ್ಲಿ ಹೊಸಬ ಎಷ್ಟೇ ಗಟ್ಟಿ ಇರ್ಲಿ, ಎಷ್ಟೇ ಚೆನ್ನಾಗ್ ಮೈಕ್ ಹಿಡೀಲಿ, ಮೇಲಿರೋ ಒಬ್ಬ ಅವನಿಗೋಸ್ಕರ ಬಿದ್ದು ಮೂರು ಎಣಿಸೋವರ್ಗೂ ಮಲಗ್ಬೇಕು. ಆ ಮಲಗೋನು ಒಪ್ಪದೇ ಇದ್ರೆ ಏಳಲ್ಲ, ಎಪ್ಪತ್ತು ರಿಂಗ್ ಹಾಕ್ಸಿದ್ರೂ ಅಷ್ಟೇ.

ಈಗ 2010. ಆಗ ಡಬ್ಲ್ಯೂಡಬ್ಲ್ಯೂಇ ಹೊಸಬರ ಶೋ ಎನ್‌ಎಕ್ಸ್‌ಟಿ ಅಂದ್ರೆ ಈಗಿನ ಥರ ಅಲ್ಲ, ಒಂಥರಾ ರಿಯಾಲಿಟಿ ಶೋ, ಹೊಸಬರನ್ನ ರೂಕಿ ಅಂತ ಕರೆದು ಬಿಯರ್ ಪೀಪಾಯಿ ಹೊತ್ಕೊಂಡ್ ಓಡ್ಸೋರು. ಹತ್ತು ವರ್ಷ ಊರೂರಲ್ಲಿ ರೆಸ್ಲಿಂಗ್ ಮಾಡಿ ಬಂದಿದ್ದ ಡೇನಿಯಲ್ ಬ್ರಯನ್‌ನೂ ರೂಕಿ ಅಂದು, ಅವನಿಗೆ ಗುರು ಅಂತ ರಿಯಾಲಿಟಿ ಟೀವಿಯಿಂದ ಬಂದಿದ್ದ ಮಿಜ್‌ನ ಕೊಟ್ಟಿದ್ರು, ಏನ್ ಹೇಳೋದು. ಸರಿ, ಆ ಶೋ ಮುಗೀತು, ಜೂನ್ 7ಕ್ಕೆ ಮಯಾಮೀಲಿ ರಾ, ಅಂದ್ರೆ ಕಂಪನಿಯ ವಾರದ ಟೀವಿ ಶೋ. ಕಂಪನಿಯ ದೊಡ್ಡ ಸ್ಟಾರ್ ಜಾನ್ ಸೀನಾ ಮತ್ತೆ ಸಿಎಂ ಪಂಕ್ ಮ್ಯಾಚ್ ನಡೀತಿದೆ, ಆ ಎನ್‌ಎಕ್ಸ್‌ಟಿ ಗೆದ್ದಿದ್ದ ವೇಡ್ ಬ್ಯಾರೆಟ್ ಒಬ್ನೇ ರ‍್ಯಾಂಪ್ ಮೇಲೆ ನಿಧಾನಕ್ಕೆ ನಡ್ಕೊಂಡ್ ಬರ್ತಾನೆ, ಇವನ್ಯಾಕೆ ಬಂದ ಅಂತ ನೋಡೋಷ್ಟ್ರಲ್ಲಿ ಜನರ ಮಧ್ಯದಿಂದ ಇನ್ನೂ ಏಳು ಜನ ರೂಕಿಗಳು ಬಂದು ರಿಂಗ್ ಸುತ್ತ ನಿಲ್ತಾರೆ, ಇವರೇ ನೆಕ್ಸಸ್. ಆಮೇಲೆ ಸೀನಾನ ಹೊಡೆದದ್ದು ಒಂದಾದ್ರೆ, ರಿಂಗನ್ನೇ ಬಿಚ್ಚಿ ಹಾಕಿದ್ರು, ಹಗ್ಗ ಜೋತಾಡ್ತಿದೆ, ಮ್ಯಾಟ್ ಕಿತ್ತು ಒಳಗಿನ ಹಲಗೆ ಕಾಣ್ತಿದೆ, ಬ್ರಯನ್ ಅನೌನ್ಸರ್ ಕತ್ತಿಗೆ ಅವನದೇ ಟೈ ಹಾಕಿ ಬಿಗೀತಿದಾನೆ (ಅದು ಜಾಸ್ತಿ ಆಯ್ತು ಅಂತ ಅವನನ್ನ ಕೆಲ್ಸದಿಂದ ತೆಗೆದ್ರು, ಅದು ಬೇರೆ ಕಥೆ). ಸೀನಾನ ಸ್ಟ್ರೆಚರಲ್ಲಿ ತಗೊಂಡ್ ಹೋದ್ರು. ಟೆನ್ ಸ್ಪೋರ್ಟ್ಸಲ್ಲಿ ಅದನ್ನ ನೋಡಿ ನಾವು ಹುಡುಗ್ರು ಮಾರ್ನೇ ದಿನ ಸ್ಕೂಲಲ್ಲಿ ಬೇರೆ ಮಾತೇ ಆಡಿಲ್ಲ. ನಮ್ ಹತ್ರ ಇದ್ದ ಟ್ರಂಪ್ ಕಾರ್ಡ್ಸಲ್ಲಿ ಈ ಎಂಟು ಜನರ ಒಂದು ಕಾರ್ಡೂ ಇರ್ಲಿಲ್ಲ, ಆದ್ರೂ ಎಲ್ರಿಗೂ ಅವರೇ ಬೇಕಿತ್ತು.

ಬರೀ ಎರಡೇ ತಿಂಗಳು. ಆಗಸ್ಟ್ 15, ಸಮ್ಮರ್‌ಸ್ಲ್ಯಾಮ್ ಅನ್ನೋ ದೊಡ್ಡ ಶೋ, ನೆಕ್ಸಸ್ ಏಳು ಜನ ಆ ಕಡೆ, ಸೀನಾ ಟೀಮ್ ಏಳು ಜನ ಈ ಕಡೆ, ಸೋತೋನು ಹೊರಗೆ. ಕೊನೆಗೆ ಸೀನಾ ಒಬ್ನೇ ಉಳಿದ, ಎದುರಿಗೆ ಬ್ಯಾರೆಟ್ ಮತ್ತೆ ಜಸ್ಟಿನ್ ಗೇಬ್ರಿಯಲ್. ಸೀನಾಗೆ ಹೊರಗಡೆ ಮ್ಯಾಟ್ ತೆಗೆದ ಬರೀ ಕಾಂಕ್ರೀಟ್ ಮೇಲೆ ಡಿಡಿಟಿ, ಅಂದ್ರೆ ತಲೆ ನೆಲಕ್ಕೆ ಬಡಿಯೋ ಪಟ್ಟು, ಹೊಡೆದ್ರು, ಅಲ್ಲಿಗ್ ಮುಗೀಬೇಕಿತ್ತು, ಅಲ್ಲಿ ಮುಗಿದಿದ್ರೆ ಇವತ್ತು ನಾನು ಈ ವಿಡಿಯೋನೇ ಮಾಡ್ತಿರ್ಲಿಲ್ಲ. ಆದ್ರೆ ಎದ್ದ. ಗೇಬ್ರಿಯಲ್ ಮೇಲಿಂದ ಹಾರಿ ಮಿಸ್ ಮಾಡಿದ, ಪಿನ್. ತಕ್ಷಣ ಬ್ಯಾರೆಟ್‌ಗೆ ಎಸ್‌ಟಿಎಫ್ ಅನ್ನೋ ಬಿಗಿ ಪಟ್ಟು, ಅವನು ಕೈ ತಟ್ಟಿ ಸೋಲೊಪ್ಪಿದ, ಅಂದ್ರೆ ಟ್ಯಾಪ್. ಕಾಂಕ್ರೀಟ್ ಮೇಲೆ ತಲೆ ಬಡಿದ ಮನುಷ್ಯ ಒಂದೆರಡು ನಿಮಿಷದಲ್ಲಿ ಇಬ್ಬರನ್ನ ಮುಗ್ಸಿ ಕೈ ಎತ್ಕೊಂಡ್ ನಿಂತ. ನೆಕ್ಸಸ್ ಗೆಲ್ಬೇಕಿತ್ತು ಅಂತ ಅದೇ ಮ್ಯಾಚಲ್ಲಿದ್ದ ಎಡ್ಜ್, ಜೆರಿಕೊ ಇಬ್ರೂ ಆಮೇಲೆ ಹೇಳಿದಾರೆ. ಸೀನಾ ಟೀಮ್‌ಮೇಟ್‌ಗಳೇ ಹಾಗ್ ಹೇಳ್ತಾರೆ ಅಂದ್ಮೇಲೆ ನಾನ್ ಹೇಳೋದೇನಿದೆ. ಡಿಸೆಂಬರ್ ಹೊತ್ತಿಗೆ ಸೀನಾ ಬ್ಯಾರೆಟ್ ಮೇಲೆ ಕುರ್ಚಿಗಳ ರಾಶೀನೇ ಸುರಿದ.

ಇದೇ ಕಂಪನಿಗೆ ಬೇರೆ ಥರ ಮಾಡೋಕೆ ಬರ್ತಿರ್ಲಿಲ್ವಾ? ಬರ್ತಿತ್ತು. 2002 ಮಾರ್ಚಲ್ಲಿ ಬ್ರಾಕ್ ಲೆಸ್ನರ್ ಅನ್ನೋ ಹೊಸಬ ಬಂದ, ಆಗಸ್ಟಲ್ಲಿ ಹಳೇ ದೊಡ್ಡ ಸ್ಟಾರ್ ಹಲ್ಕ್ ಹೋಗನ್‌ನ ತಬ್ಬಿ ಹಿಂಡಿ ಸೋಲ್ಸಿದ, ಅದೇ ತಿಂಗಳು ಸಮ್ಮರ್‌ಸ್ಲ್ಯಾಮಲ್ಲಿ ಇನ್ನೊಬ್ಬ ದೊಡ್ಡ ಸ್ಟಾರ್ ರಾಕ್ ಅವನ ಎಫ್-5 ಅನ್ನೋ ಪಟ್ಟು ತಿಂದು ಮೂರು ಎಣಿಸೋವರ್ಗೂ ಮಲಗಿದ. ನೆಪ ಇಲ್ಲ, ಮೋಸ ಇಲ್ಲ. ಅಷ್ಟೇ ಕೆಲ್ಸ.

ಜಪಾನೋರದು ಇನ್ನೂ ಚಂದ. ನ್ಯೂ ಜಪಾನ್ ಅನ್ನೋ ಅಲ್ಲಿನ ಕಂಪನೀಲಿ ಹೊಸಬರಿಗೆ ಯಂಗ್ ಲಯನ್ ಅಂತಾರೆ, ಕರಿ ಚಡ್ಡಿ, ಕರಿ ಬೂಟು, ಮ್ಯೂಸಿಕ್ಕೂ ಇಲ್ಲ ಹೇರ್‌ಸ್ಟೈಲೂ ಇಲ್ಲ, ಡೋಜೋದಲ್ಲೇ, ಅಂದ್ರೆ ಟ್ರೈನಿಂಗ್ ಮನೇಲೇ ವಾಸ, ಅಡುಗೆ ಮಾಡು, ನೆಲ ಒರ್ಸು, ಸೀನಿಯರ್ ಬಟ್ಟೆ ಒಗಿ, ಸಂಜೆ ಹೋಗಿ ಬೋಸ್ಟನ್ ಕ್ರ್ಯಾಬ್ ಅನ್ನೋ ಪಟ್ಟಿಗೆ ಟ್ಯಾಪ್ ಮಾಡಿ ಸೋತ್ ಬಾ. ಆಮೇಲೆ ಫಾರಿನ್‌ಗೆ ಕಳಿಸ್ತಾರೆ. ಕಜುಚಿಕಾ ಒಕಾಡಾನ ಅಮೆರಿಕಕ್ಕೆ ಕಳ್ಸಿದ್ರು, ಅಲ್ಲಿ ಟಿಎನ್‌ಎ ಅನ್ನೋ ಕಂಪನಿಯೋರು ಅವನಿಗೆ ಓಕಾಟೋ ಅಂತ ಹೆಸರಿಟ್ಟು ಸಮೋವಾ ಜೋ ಅನ್ನೋ ರೆಸ್ಲರ್ ಪಕ್ಕ ನಿಲ್ಸಿದ್ರು, ಕಾಮಿಡಿ ಪೀಸ್ ಥರ. 2012 ಜನವರಿ 4ಕ್ಕೆ ಟೋಕಿಯೋ ಡೋಮ್‌ಗೆ ವಾಪಸ್ ಬಂದಾಗ ಅವನ ಮ್ಯಾಚೂ ಸಪ್ಪೆ, ಅದೇ ರಾತ್ರಿ ಚಾಂಪಿಯನ್ ತನಹಾಶಿ 11ನೇ ಸಲ ಬೆಲ್ಟ್ ಉಳಿಸ್ಕೊಂಡು ರೆಕಾರ್ಡ್ ಮಾಡಿದ್ದಾನೆ, ಈ 24ರ ಹುಡ್ಗ ಬಂದು ನಿನ್ ಜೊತೆ ಆಡ್ತೀನಿ ಅಂದ್ರೆ ಜನ ಒಪ್ಲೇ ಇಲ್ಲ. ಫೆಬ್ರವರಿ 12ಕ್ಕೆ ಒಸಾಕಾದಲ್ಲಿ ಅದೇ ತನಹಾಶಿ ಅವನ ರೇನ್‌ಮೇಕರ್ ಅನ್ನೋ ಏಟು ತಿಂದು ಮಲಗಿದ. ಮುಂದಿನ ಹತ್ತು ವರ್ಷ ಆ ಕಂಪನಿ ನಡೆದದ್ದೇ ಒಕಾಡಾ ಮೇಲೆ.

ಹಂಗಂತ ಬರೀ ಗೆಲ್ಸಿದ್ರೆ ಆಯ್ತು ಅಂತಾನೂ ಅಲ್ಲ. ಜಿಂದರ್ ಮಹಲ್, ಕೆನಡಾ ಹುಡ್ಗ, ನಮ್ ಪಂಜಾಬಿ ಮೂಲ, ವರ್ಷಗಟ್ಲೆ ಎಲ್ರ ಕೈಲೂ ಸೋಲ್ಸಿ ಸೋಲ್ಸಿ, 2017 ಮೇನಲ್ಲಿ ಇದ್ದಕ್ಕಿದ್ದಂಗೆ ದೊಡ್ಡ ಸ್ಟಾರ್ ರ‍್ಯಾಂಡಿ ಆರ್ಟನ್‌ನ ಸೋಲ್ಸಿ ಚಾಂಪಿಯನ್ ಮಾಡಿದ್ರು, ಇಂಡಿಯಾ ಮಾರ್ಕೆಟ್ ಬೇಕಿತ್ತಲ್ಲ. ನಿನ್ನೆವರ್ಗೂ ಜೋಕ್ ಆಗಿದ್ದವನನ್ನ ಇವತ್ತು ರಾಜ ಅಂದ್ರೆ ನಂಬೋರ್ಯಾರು? ಆಮೇಲೆ ಇನ್ನೊಬ್ಬ ಇಂಡಿಯಾ ಹುಡ್ಗ ವೀರ್ ಮಹಾನ್ ಬರ್ತಿದಾನೆ, ಬರ್ತಿದಾನೆ ಅಂತ ತಿಂಗಳುಗಟ್ಲೆ ಪ್ರೋಮೋ, ಹಬ್ಬಕ್ಕೆ ಬರ್ತೀನಿ ಅಂತ ಫೋನ್ ಮಾಡ್ತಾನೇ ಇರೋ ಸೋದರಮಾವನ ಥರ, 2022 ಏಪ್ರಿಲ್‌ಗೆ ಬಂದ, 2024 ಏಪ್ರಿಲ್‌ಗೆ ಜಿಂದರ್ ಜೊತೆ ಅವನನ್ನೂ ಮನೆಗೆ ಕಳ್ಸಿದ್ರು.

ನನಗೆ ಹೊಟ್ಟೆ ಉರಿಯೋದು 2017 ಡಿಸೆಂಬರ್ ದಿಲ್ಲಿ ಶೋ. ಬೆಲ್ಟ್ ನವೆಂಬರಲ್ಲೇ ಕಿತ್ಕೊಂಡಿದ್ರು, ಹೋಗ್ಲಿ. ಮೇನ್ ಇವೆಂಟಲ್ಲಿ ಜಿಂದರ್, ಅವನದೇ ಜನ ಮುಂದೆ, ಗೆದ್ದಿದ್ದು ಯಾರು, 48 ವಯಸ್ಸಿನ ಹಳೇ ಸ್ಟಾರ್ ಟ್ರಿಪಲ್ ಎಚ್. ಆಮೇಲೆ ಇಬ್ರೂ ಭಾಂಗ್ರಾ ಬೇರೆ ಕುಣಿದ್ರು. ಆಗ ಕಂಪನೀಲಿ ಹೊಸಬರನ್ನ ಬೆಳೆಸೋ ಜವಾಬ್ದಾರಿ ಯಾರದ್ದಿತ್ತು ಗೊತ್ತಾ? ಟ್ರಿಪಲ್ ಎಚ್‌ದೇ.