‘ಪುಟ ಕಳಿಸಿ’ ಎನ್ನಿಸಿಕೊಳ್ಳುವ ತನಕ

(ಕಾರವಾರದ ಬರಹಗಾರರ ಕಮ್ಮಟದಲ್ಲಿ ನೀಡಿದ ಉಪನ್ಯಾಸದ ಪಠ್ಯ)

ವೇದಿಕೆಯ ಮೇಲಿನ ಹಿರಿಯರೇ, ಎದುರಿಗೆ ಕೂತಿರುವ ಗೆಳೆಯ ಗೆಳತಿಯರೇ,

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಮತ್ತು ಅವರ ಕಥೆಗಳನ್ನು ಇಂಗ್ಲಿಷಿಗೆ ತಂದ ದೀಪಾ ಭಸ್ತಿ ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ ಬಂದಿತಲ್ಲ, ಅಂದಿನಿಂದ ನಮ್ಮ ಸಾಹಿತ್ಯ ಸಭೆಗಳ ಚಹಾ ಹೊತ್ತಿನ ಪ್ರಶ್ನೆಯೇ ಬದಲಾಗಿದೆ. ಮೊದಲು ‘ಯಾರು ಪ್ರಕಟಿಸ್ತಾರೆ?’ ಎಂದು ಕೇಳುತ್ತಿದ್ದರು. ಈಗ ‘ಏಜೆಂಟ್ ಎಲ್ಲಿ ಸಿಗ್ತಾರೆ?’ ಎಂದು ಕೇಳುತ್ತಾರೆ. ಏಜೆಂಟ್ ಎಂದರೆ ಲೇಖಕರ ಪರವಾಗಿ ಪ್ರಕಾಶಕರ ಹತ್ತಿರ ಮಾತಾಡಿ ಪುಸ್ತಕ ಮಾರಿಕೊಡುವವರು. ಸಿಗ್ತಾರೆ ಮಾರಾಯ್ರೆ, ಜನವರಿಯಲ್ಲಿ ಜೈಪುರದ ಸಾಹಿತ್ಯ ಉತ್ಸವಕ್ಕೆ ಹೋದರೆ ಸಿಗ್ತಾರೆ. ಆದರೆ ಸಿಕ್ಕ ಹತ್ತು ನಿಮಿಷದಲ್ಲಿ ನಿಮ್ಮ ಕೈಯಲ್ಲಿ ಏನಿರಬೇಕು, ಬಾಯಲ್ಲಿ ಏನಿರಬೇಕು? ಇವತ್ತು ಮಾತಾಡಬೇಕಾದ್ದು ಅದು.

ನಮ್ಮ ಸಮ್ಮೇಳನ ನಿಮಗೆಲ್ಲ ಗೊತ್ತು: ಮೆರವಣಿಗೆ, ಅಧ್ಯಕ್ಷ ಭಾಷಣ, ಗೋಷ್ಠಿ, ನಿರ್ಣಯ, ಊಟ. ಅದಕ್ಕೆ ಅದರದೇ ಘನತೆ ಇದೆ, ಊಟದ ಬಗ್ಗೆಯಂತೂ ದೂರಿಲ್ಲ. ಆದರೆ ಅಲ್ಲಿ ಯಾರೂ ನಿಮ್ಮ ಹಸ್ತಪ್ರತಿಯ ಹನ್ನೆರಡನೇ ಪುಟ ತೆಗೆದು ‘ಇಲ್ಲಿ ನನಗೆ ನಿದ್ದೆ ಬಂತು’ ಎಂದು ಹೇಳುವುದಿಲ್ಲ. ಹಾಗೆ ಹೇಳಿಸಿಕೊಳ್ಳುವುದಕ್ಕೆಂದೇ ನಡೆಯುವ ಕೂಟಗಳಿವೆ. ಅಮೆರಿಕದ ವರ್ಮಾಂಟ್‌ನಲ್ಲಿ ಬ್ರೆಡ್ ಲೋಫ್ ಎಂಬಲ್ಲಿ 1926ರಲ್ಲಿ ಶುರುವಾದದ್ದು ಇವುಗಳಲ್ಲಿ ಬಲು ಹಳೆಯದು. ಇಂಥ ಕಡೆ ಹತ್ತು-ಹನ್ನೆರಡು ಜನರ ಗುಂಪು ಮಾಡುತ್ತಾರೆ. ಒಬ್ಬೊಬ್ಬರ ಇಪ್ಪತ್ತು-ಇಪ್ಪತ್ತೈದು ಪುಟ ಎಲ್ಲರ ಕೈಗೂ ಮೊದಲೇ ತಲುಪಿರುತ್ತದೆ, ಓದಿ ಗುರುತು ಹಾಕಿಕೊಂಡೇ ಬರಬೇಕು. ಚರ್ಚೆ ನಡೆಯುವಾಗ ಬರೆದವರು ಬಾಯಿ ಬಿಡುವಂತಿಲ್ಲ. ನಮ್ಮವರಿಗೆ ಎಲ್ಲಕ್ಕಿಂತ ಕಷ್ಟದ ನಿಯಮ ಇದು. ‘ಇಲ್ಲ ಸಾರ್, ಅದು ಸಾಂಕೇತಿಕ’ ಎಂದು ಎದ್ದು ನಿಲ್ಲುವ ಚಪಲ. ಪುಸ್ತಕ ಅಂಗಡಿಗೆ ಹೋದ ಮೇಲೆ ಪ್ರತಿ ಓದುಗನ ಪಕ್ಕದಲ್ಲಿ ಕೂತು ಸಾಂಕೇತಿಕ ಎಂದು ಹೇಳಲು ನಾವಿರುವುದಿಲ್ಲ, ಅದಕ್ಕೇ ಆ ನಿಯಮ.

ಅಲ್ಲಿ ಬಂದ ಟಿಪ್ಪಣಿಗಳನ್ನು ಏನು ಮಾಡುವುದು? ಮೂರು ಜನ ಒಂದೇ ಜಾಗದಲ್ಲಿ ಎಡವಿದ್ದರೆ ಆ ಜಾಗ ಕೆಟ್ಟಿದೆ, ಅನುಮಾನ ಬೇಡ. ಆದರೆ ಸರಿಪಡಿಸಲು ಅವರು ಕೊಡುವ ಉಪಾಯ ಹೆಚ್ಚಿನ ಸಲ ತಪ್ಪಿರುತ್ತದೆ. ‘ನಾಯಕಿಗೆ ಒಬ್ಬ ತಂಗಿ ಇರಲಿ’ ಎನ್ನುತ್ತಾರೆ. ತಂಗಿ ಬೇಡ. ಆಕೆ ಯಾರ ಹತ್ತಿರವೂ ಮನಸ್ಸು ಬಿಚ್ಚುತ್ತಿಲ್ಲ ಎನ್ನುವುದಷ್ಟೇ ಅವರ ತೊಂದರೆ. ಅದನ್ನು ಬಗೆಹರಿಸುವ ದಾರಿ ನಿಮ್ಮದು.

ಇನ್ನೊಂದು ಬಗೆಯ ಗೋಷ್ಠಿ ಇದೆ. ಹೆಸರು ಹೇಳದೆ ಒಂದೊಂದು ಕೃತಿಯ ಮೊದಲ ಪುಟವನ್ನು ಗಟ್ಟಿಯಾಗಿ ಓದುತ್ತಾರೆ. ವೇದಿಕೆಯ ಮೇಲಿನ ಸಂಪಾದಕರು, ಏಜೆಂಟರು ತಾವು ಓದುವುದನ್ನು ಎಲ್ಲಿ ಬಿಟ್ಟುಬಿಡುತ್ತಿದ್ದರೋ ಅಲ್ಲಿ ಕೈ ಎತ್ತುತ್ತಾರೆ. ಕೈ ಏಳುವ ಜಾಗಗಳು ಹೆಚ್ಚುಕಡಿಮೆ ಅವೇ: ಮೊದಲ ಪ್ಯಾರಾ ಪೂರ್ತಿ ಹವಾಮಾನ, ಪಾತ್ರ ನಿದ್ದೆಯಿಂದ ಏಳುವುದು, ಎರಡನೇ ಪ್ಯಾರಾದಲ್ಲೇ ಇಪ್ಪತ್ತು ವರ್ಷ ಹಿಂದಿನ ನೆನಪು, ಒಂದೇ ಪುಟದಲ್ಲಿ ಆರು ಹೆಸರು. ನಮ್ಮ ಜಿಲ್ಲೆಯವರು ಮಳೆಯ ವಿಷಯದಲ್ಲಿ ವಿಶೇಷ ಎಚ್ಚರದಿಂದ ಇರಬೇಕು. ಹೊರಗೆ ಸುರಿಯುತ್ತದೆ, ಒಳಗೆ ನಾವು ಮೂರು ಪುಟ ಸುರಿಸುತ್ತೇವೆ.

ಇಷ್ಟು ತಿದ್ದುಪಡಿ ಆದ ಮೇಲಿನ ಮಾತು ಏಜೆಂಟರದು. ಕಾರವಾರದಲ್ಲಿ ನಿಂತು ಈ ವಿಷಯ ಎತ್ತಿದರೆ ರವೀಂದ್ರನಾಥ ಟಾಗೋರರನ್ನು ಬಿಟ್ಟು ಮುಂದೆ ಹೋಗಲಾಗದು. 1880ರ ದಶಕದ ಮೊದಲಲ್ಲಿ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಬಂದು, ಇದೇ ಕಡಲತೀರದಲ್ಲಿ ನಾಟಕ ಬರೆದರು ಎಂದು ಇಲ್ಲಿನ ಮಕ್ಕಳಿಗೂ ಗೊತ್ತು. ನಮಗೆ ಬೇಕಾದ್ದು ಅದರ ಮುಂದಿನ ಕಥೆ. 1912ರಲ್ಲಿ ಇಂಗ್ಲೆಂಡಿಗೆ ಹೊರಟಾಗ ತಮ್ಮ ಕವಿತೆಗಳನ್ನು ತಾವೇ ಇಂಗ್ಲಿಷಿಗೆ ಮಾಡಿಕೊಂಡು ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದರು. ಏಜೆಂಟರಿಗೆ ತೋರಿಸಲು ಮಾದರಿ ಅನುವಾದ ಎಂದು ಈಗ ಒಯ್ಯುತ್ತಾರಲ್ಲ, ಅದೇ ಇದು! ಲಂಡನ್ನಿನಲ್ಲಿ ಆ ಪ್ರತಿ ಇದ್ದ ಚೀಲ ಮಗ ರಥೀಂದ್ರನಾಥರ ಕೈಲಿತ್ತು. ನೆಲದಡಿಯ ರೈಲಿನಲ್ಲಿ ಹೋಗಿ ಇಳಿದರು, ಚೀಲ ರೈಲಿನಲ್ಲೇ ಉಳಿಯಿತು. ಇದ್ದದ್ದು ಒಂದೇ ಪ್ರತಿ. ಮರುದಿನ ಕಳೆದುಹೋದ ಸಾಮಾನಿನ ಕಚೇರಿಯಲ್ಲಿ ಅದು ಸಿಕ್ಕದೇ ಹೋಗಿದ್ದರೆ ಏನಾಗುತ್ತಿತ್ತು, ನೀವೇ ಯೋಚಿಸಿ. ಸಿಕ್ಕಿತು. ಚಿತ್ರಕಾರ ರೋಥೆನ್‌ಸ್ಟೈನ್ ಓದಿದರು, ಮೆಚ್ಚಿದರು. ಮೆಚ್ಚಿ ಸುಮ್ಮನೆ ಕೂರಲಿಲ್ಲ, ನೋಡಿ. ಟೈಪ್ ಮಾಡಿಸಿ ಪ್ರತಿಗಳನ್ನು ಕವಿ ಯೇಟ್ಸ್ ಮೊದಲಾದವರಿಗೆ ಕಳಿಸಿದರು. ಮನೆಯಲ್ಲಿ ಓದುವ ಕೂಟ ಏರ್ಪಡಿಸಿದರು. ಲಂಡನ್ನಿನ ಇಂಡಿಯಾ ಸೊಸೈಟಿ ಎಂಬ ಸಂಸ್ಥೆ ಅದನ್ನು ಗೀತಾಂಜಲಿ ಎಂಬ ಹೆಸರಿನಲ್ಲಿ 750 ಪ್ರತಿ ಅಚ್ಚು ಮಾಡಿತು, ಅದರಲ್ಲಿ ಮಾರಾಟಕ್ಕೆ ಇಟ್ಟದ್ದು 250. ಆಮೇಲೆ ಪ್ರಕಾಶಕರಾದ ಮ್ಯಾಕ್‌ಮಿಲನ್‌ನವರ ಹತ್ತಿರ ಮಾತಾಡಿ ದೊಡ್ಡ ಆವೃತ್ತಿ ಬರುವಂತೆ ಮಾಡಿದ್ದೂ ರೋಥೆನ್‌ಸ್ಟೈನ್ ಅವರೇ. ಟಾಗೋರರಿಗೆ 1913ರಲ್ಲಿ ನೊಬೆಲ್. ಕಮಿಷನ್ ತೆಗೆದುಕೊಳ್ಳದ ಏಜೆಂಟ್ ಎಂದರೆ ಈ ರೋಥೆನ್‌ಸ್ಟೈನ್. ಏಜೆಂಟ್ ಮಾಡುವ ಕೆಲಸವೆಲ್ಲ ಇದರಲ್ಲಿದೆ: ಓದುವುದು, ಪ್ರತಿ ಸಿದ್ಧ ಮಾಡಿಸುವುದು, ಸರಿಯಾದ ಬಾಗಿಲಿಗೆ ತಲುಪಿಸುವುದು, ಪ್ರಕಾಶಕರ ಜೊತೆ ಮಾತಾಡುವುದು. ಮತ್ತೆ, ದಯವಿಟ್ಟು ಕಡತದ ನಕಲು ಎರಡು ಕಡೆ ಇಟ್ಟುಕೊಳ್ಳಿ. ಮೇಲ್‌ನಲ್ಲಿ ಒಂದು, ಪೆನ್‌ಡ್ರೈವ್‌ನಲ್ಲಿ ಒಂದು. ನಮ್ಮ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಚೀಲ ಬಿಟ್ಟರೆ ಮರುದಿನ ಸಿಗುತ್ತದೆಂದು ಭರವಸೆ ಕೊಡಲಾರೆ.

ಹಾಗಾದರೆ ಕನ್ನಡದೊಳಗೆ ಯಾಕೆ ಏಜೆಂಟರಿಲ್ಲ? ಲೆಕ್ಕ ಹಾಕಿ. ಸಾವಿರ ಪ್ರತಿ, ಇನ್ನೂರು ರೂಪಾಯಿ ಬೆಲೆ, ಶೇಕಡಾ 10 ಗೌರವಧನ. ಎಲ್ಲ ಮಾರಿದರೆ ಲೇಖಕರಿಗೆ 20,000. ಏಜೆಂಟರ ವಾಡಿಕೆಯ ಪಾಲು ಶೇಕಡಾ 15, ಅಂದರೆ 3,000. ಅಷ್ಟಕ್ಕೆ ಯಾರು ಊರೂರು ತಿರುಗುತ್ತಾರೆ? ಕನ್ನಡ ಪ್ರಕಾಶಕರಿಗೆ ನೀವೇ ನೇರವಾಗಿ ಬರೆಯಿರಿ, ಅದೇ ಸರಿ. ಏಜೆಂಟ್ ಬೇಕಾಗುವುದು ಇಂಗ್ಲಿಷಿಗೆ, ಹೊರದೇಶದ ಹಕ್ಕುಗಳಿಗೆ. ಅಲ್ಲಿ ವಿದೇಶಿ ಮತ್ತು ಅನುವಾದದ ಹಕ್ಕಿಗೆ ಶೇಕಡಾ 20ರ ತನಕ ತೆಗೆದುಕೊಳ್ಳುತ್ತಾರೆ. ಪುಸ್ತಕ ಮಾರಾಟವಾದರೆ ಮಾತ್ರ. ಓದಲು ಫೀಸು, ನೋಂದಣಿಗೆ ಫೀಸು ಎಂದು ಕೇಳಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಕೂಟಕ್ಕೆ ಕಟ್ಟುವ ಶುಲ್ಕ ಬೇರೆ, ಹಸ್ತಪ್ರತಿ ಸಲಹೆಗೆ ಕೂಟದವರು ತೆಗೆದುಕೊಳ್ಳುವ ಹಣವೂ ಬೇರೆ. ಏಜೆಂಟ್ ನಿಮ್ಮ ಜೇಬಿಗೆ ಕೈ ಹಾಕುವಂತಿಲ್ಲ.

ಜೈಪುರದ ಉತ್ಸವದ ಜೊತೆಯಲ್ಲೇ 2014ರಿಂದ ಬುಕ್‌ಮಾರ್ಕ್ ಎಂಬ ವ್ಯವಹಾರದ ವಿಭಾಗ ನಡೆಯುತ್ತಿದೆ. ಪ್ರಕಾಶಕರು, ಏಜೆಂಟರು, ಅನುವಾದಕರು ಕೂರುವುದು ಅಲ್ಲಿ. ಕೂಟ ಯಾವುದೇ ಇರಲಿ, ಬರುವ ಏಜೆಂಟರ ಪಟ್ಟಿ ಮೊದಲೇ ಸಿಗುತ್ತದೆ. ಅವರು ಯಾವ ಬಗೆಯ ಪುಸ್ತಕ ಮಾರಿದ್ದಾರೆ ಎಂದು ನೋಡಿಕೊಂಡೇ ಸಮಯ ಕೇಳಿ. ಅಡುಗೆ ಪುಸ್ತಕ ಮಾರುವವರ ಮುಂದೆ ನಿಮ್ಮ ಮಹಾಕಾದಂಬರಿ ಇಟ್ಟರೆ ಇಬ್ಬರಿಗೂ ಹಿಂಸೆ.

ಭೇಟಿ ಎಂದರೆ ಸಾಮಾನ್ಯವಾಗಿ ಹತ್ತು ನಿಮಿಷ. ಕೆಲವು ಕಡೆ ಮೂರು-ನಾಲ್ಕೇ ನಿಮಿಷ, ಗಂಟೆ ಬಾರಿಸಿ ಎಬ್ಬಿಸುತ್ತಾರೆ. ಅಷ್ಟರಲ್ಲಿ ಯಾರೂ ಕರಾರಿಗೆ ಸಹಿ ಹಾಕುವುದಿಲ್ಲ. ಆಗಬಹುದಾದ್ದು ಒಂದೇ: ‘ಪುಟ ಕಳಿಸಿ’ ಎನ್ನಬಹುದು. ನಾವು ಹೋಗುವುದು ಆ ಎರಡು ಪದಕ್ಕಾಗಿ.

ಊಹೆಯ ಒಂದು ಉದಾಹರಣೆ ತೆಗೆದುಕೊಳ್ಳೋಣ, ಶಿರಸಿಯವರು ಬೇಸರ ಮಾಡಿಕೊಳ್ಳಬಾರದು. ಕಾದಂಬರಿಯ ನಾಯಕಿ ಭಾಗೀರಥಿ. ಗಂಡ ಸತ್ತಿದ್ದಾನೆ, ಎರಡು ಎಕರೆ ಅಡಿಕೆ ತೋಟ, ಮೈದುನ ಸೊಪ್ಪಿನ ಬೆಟ್ಟಕ್ಕೆ, ಅಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡಿಗೆ, ಕಾಲಿಡಲು ಬಿಡುತ್ತಿಲ್ಲ. ನಮ್ಮ ಲೇಖಕರು ಏಜೆಂಟರ ಮುಂದೆ ಹೇಗೆ ಶುರು ಮಾಡುತ್ತಾರೆ? ‘ನಮ್ಮ ಮಲೆನಾಡು ಎಂದರೆ ಮೇಡಂ...’ ಅಲ್ಲಿಂದ ಬೆಟ್ಟ ಯಾಕೆ ಬೇಕು, ಬೇಣ ಎಂದರೇನು, ಬ್ರಿಟಿಷರು ಕಾಡಿನ ಕಾನೂನು ಯಾವಾಗ ತಂದರು. ನಾಲ್ಕನೇ ನಿಮಿಷಕ್ಕೆ ಅಜ್ಜ ಹುಟ್ಟುತ್ತಾನೆ. ಆರನೇ ನಿಮಿಷಕ್ಕೆ ಅಜ್ಜನ ತಿಥಿ. ಏಳಕ್ಕೆ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಮರ ಹತ್ತುತ್ತಾನೆ, ಅವನ ವರ್ಣನೆ ಚೆನ್ನಾಗಿದೆ, ಬಿಡಲು ಮನಸ್ಸಿಲ್ಲ. ಅವನು ಇಳಿಯುವಷ್ಟರಲ್ಲಿ ಗಂಟೆ ಹೊಡೆಯಿತು. ಭಾಗೀರಥಿ ಇನ್ನೂ ಮನೆಯಿಂದ ಹೊರಗೇ ಬಂದಿಲ್ಲ!

ಸರಿಯಾದ ರೀತಿ ಇದು: ‘ಇದು ಎಂಬತ್ತು ಸಾವಿರ ಪದಗಳ ಕಾದಂಬರಿ, ಮುಗಿದಿದೆ. ಪಶ್ಚಿಮ ಘಟ್ಟದ ಅಡಿಕೆ ತೋಟದ ಒಬ್ಬ ವಿಧವೆ ಒಂದು ಕೊಯ್ಲಿನೊಳಗೆ ಸಾಲ ತೀರಿಸದಿದ್ದರೆ ತೋಟ ಮೈದುನನ ಪಾಲಾಗುತ್ತದೆ. ಸಾಲ ತೀರಿಸಲು ಇರುವ ಒಂದೇ ದಾರಿ, ಗಂಡ ಮುಚ್ಚಿಟ್ಟ ಕಳ್ಳ ನಾಟಾ ವ್ಯವಹಾರವನ್ನು ಅವಳು ಮುಂದುವರಿಸುವುದು.’ ಯಾರು, ಏನು ಬೇಕು, ಅಡ್ಡಿ ಏನು, ಸೋತರೆ ಏನು ಹೋಗುತ್ತದೆ. ಅದರ ಹಿಂದೆ ಕಳೆದ ನಾಲ್ಕೈದು ವರ್ಷದಲ್ಲಿ ಬಂದ ಎರಡು ಪುಸ್ತಕಗಳ ಹೆಸರು, ಇದನ್ನು ಓದುವವರು ಯಾರು ಎಂದು ಗೊತ್ತಾಗಲಿಕ್ಕೆ. ನಿಮ್ಮ ಬಗ್ಗೆ ಒಂದು ವಾಕ್ಯ. ಒಟ್ಟು ತೊಂಬತ್ತು ಸೆಕೆಂಡ್. ಮನೆಯಲ್ಲಿ ಮೊಬೈಲ್ ಗಡಿಯಾರ ಇಟ್ಟು ಗಟ್ಟಿಯಾಗಿ ಹೇಳಿ ನೋಡಿ. ಮನಸ್ಸಿನಲ್ಲಿ ಹೇಳಿಕೊಂಡರೆ ಯಾವಾಗಲೂ ಬೇಗ ಮುಗಿಯುತ್ತದೆ, ಅದು ಮೋಸ. ಉಳಿದ ಸಮಯ ಅವರ ಪ್ರಶ್ನೆಗೆ. ಅವರು ಪ್ರಶ್ನೆ ಕೇಳುತ್ತಿದ್ದಾರೆ ಎಂದರೆ ‘ಪುಟ ಕಳಿಸಿ’ ಹತ್ತಿರ ಬಂತು ಎಂದು ಅರ್ಥ.

(ಚೀಟಿ ಬಂತು. ಹತ್ತು ನಿಮಿಷ ಇದೆಯಂತೆ. ಟಾಗೋರರು ಸ್ವಲ್ಪ ಹೆಚ್ಚೇ ತೆಗೆದುಕೊಂಡರು.)

ಏಜೆಂಟರ ಮೊದಲ ಪ್ರಶ್ನೆ: ಮುಗಿದಿದೆಯೇ? ಮುಗಿದಿಲ್ಲವಾದರೆ ಕೂರಲೇ ಬೇಡಿ. ಎರಡನೆಯದು: ಅನುವಾದದ ಹಕ್ಕು ಯಾರ ಹತ್ತಿರ ಇದೆ? ಇಲ್ಲಿ ನಮ್ಮವರ ಮುಖ ಬಾಡುತ್ತದೆ. ಕರಾರು ಓದದೆ ಸಹಿ ಹಾಕಿರುತ್ತಾರೆ, ಇಲ್ಲವೇ ಕರಾರೇ ಇರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಮನೆಯಲ್ಲಿ ಒಮ್ಮೆ ಓದಿ. ಹಕ್ಕು ವರ್ಗಾವಣೆ ಲಿಖಿತವಾಗಿ, ಸಹಿಯೊಡನೆ ಇರಬೇಕು. ಅವಧಿ ಬರೆದಿಲ್ಲದಿದ್ದರೆ ಐದು ವರ್ಷ ಎಂದು ತಿಳಿಯಬೇಕು. ಪ್ರದೇಶ ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ. ಬಾಯಿಮಾತಿನಲ್ಲಿ ‘ಎಲ್ಲ ನಿಮ್ಮದೇ’ ಎಂದು ಪ್ರಕಾಶಕರಿಗೆ ಹೇಳಿದ್ದರೆ ಹಕ್ಕು ಹೋಗಿಲ್ಲ, ಗಾಬರಿ ಬೇಡ. ಆದರೆ ‘ಎಲ್ಲ ಭಾಷೆಗಳ, ಎಲ್ಲ ರೂಪಗಳ ಹಕ್ಕು’ ಎಂಬ ಸಾಲಿನ ಕೆಳಗೆ ಸಹಿ ಇದ್ದರೆ ಮೊದಲು ಪ್ರಕಾಶಕರ ಹತ್ತಿರ ಕೂತು ಬಗೆಹರಿಸಿ, ಆಮೇಲೆ ಟಿಕೆಟ್ ತೆಗೆಸಿ. ಅನುವಾದಕರ ಜೊತೆಗೂ ಕಾಗದ ಮಾಡಿಕೊಳ್ಳಿ, ಅನುವಾದಕ್ಕೆ ಅವರದೇ ಸ್ವಾಮ್ಯ ಇರುತ್ತದೆ. ಬುಕರ್‌ನ 50,000 ಪೌಂಡ್ ಲೇಖಕರಿಗೂ ಅನುವಾದಕರಿಗೂ ಸಮಪಾಲು.

ಮಾದರಿ ಅನುವಾದ ಕೃತಿಯ ಆರಂಭದಿಂದಲೇ ಇರಲಿ, ಮೂವತ್ತರಿಂದ ಐವತ್ತು ಪುಟ. ‘ಎಂಟನೇ ಅಧ್ಯಾಯ ಬಹಳ ಚೆನ್ನಾಗಿದೆ’ ಎಂದು ಅದನ್ನು ಕೊಟ್ಟರೆ ಮೊದಲ ಏಳು ಯಾಕೆ ಚೆನ್ನಾಗಿಲ್ಲ ಎಂದು ಅವರು ಕೇಳುತ್ತಾರೆ. ಸಾರಾಂಶ ಒಂದೆರಡು ಪುಟ, ಕೊನೆಯಲ್ಲಿ ಏನಾಗುತ್ತದೆ ಎಂಬುದು ಅದರಲ್ಲಿ ಇರಲೇಬೇಕು. ‘ಮುಂದೇನು? ಓದಿ ತಿಳಿಯಿರಿ’ ಎನ್ನುವುದು ಬೆನ್ನುಡಿಗೆ ಸರಿ. ಇಂಗ್ಲಿಷ್ ಪ್ರತಿ ಹನ್ನೆರಡು ಪಾಯಿಂಟ್ ಅಕ್ಷರ, ಸಾಲುಗಳ ನಡುವೆ ದುಪ್ಪಟ್ಟು ಅಂತರ, ಸುತ್ತ ಒಂದು ಇಂಚು ಅಂಚು, ಪುಟಸಂಖ್ಯೆ. ಕನ್ನಡ ಮೂಲವನ್ನೂ ಕೇಳಬಹುದು. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಕಳಿಸಿದರೆ ಅವರ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣಿಸುತ್ತದೆ. ಯೂನಿಕೋಡ್‌ಗೆ ತನ್ನಿ, ತಂದ ಮೇಲೆ ಅರ್ಕಾವತ್ತು, ಒತ್ತಕ್ಷರ ನೋಡಿ, ಅವೇ ಮೊದಲು ಕೆಡುವುದು. ಪಿಡಿಎಫ್ ಒಂದನ್ನು ಜೊತೆಗಿಡಿ.

ಕಥಾಸಂಕಲನ ಒಯ್ಯಬೇಡಿ, ಏಜೆಂಟರಿಗೆ ಕಾದಂಬರಿಯೇ ಬೇಕು ಎಂದು ಎಲ್ಲ ಕಡೆ ಹೇಳುತ್ತಾರೆ. ಮಾರಾಟದ ಮಟ್ಟಿಗೆ ಅದು ನಿಜವೂ ಹೌದು. ಆದರೆ ಬುಕರ್ ಬಂದದ್ದು ಹನ್ನೆರಡು ಕಥೆಗಳಿಗೆ. ನಮ್ಮ ಗೋಕರ್ಣದ ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳಿಗೆ, ತೇಜಸ್ವಿನಿ ನಿರಂಜನ ಅವರ ಅನುವಾದದಲ್ಲಿ, ದಕ್ಷಿಣ ಏಷ್ಯಾದ ಸಾಹಿತ್ಯಕ್ಕೆ ಕೊಡುವ ಡಿಎಸ್‌ಸಿ ಪ್ರಶಸ್ತಿ 2018ರ ಸಾಲಿನಲ್ಲಿ ಬಂತು. ಅನುವಾದಿತ ಕೃತಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಅಂಕೋಲೆಯ ವಿವೇಕ ಶಾನಭಾಗರ ಕೃತಿ ಅಮೆರಿಕದ ತನಕ ಹೋಯಿತು, ಅದೂ ಸಣ್ಣ ಗಾತ್ರದ್ದೇ. ಹಾಗಾಗಿ ಕಥೆಗಾರರು ಕಾದಂಬರಿ ಬರೆಯಲೇಬೇಕೆಂದು ಕಥೆಯನ್ನು ಹಿಗ್ಗಿಸುವುದು ಬೇಡ. ಸಂಕಲನಕ್ಕೆ ಒಂದು ಊರೋ ಒಂದು ಬದುಕೋ ಎಳೆಯಾಗಿದ್ದರೆ ಒಂದು ವಾಕ್ಯದಲ್ಲಿ ಹೇಳಬಹುದು. ಹೇಳಲು ಬಂದರೆ ಸಾಕು.

(ಎರಡನೇ ಚೀಟಿ. ಆಯ್ತು, ಆಯ್ತು.)

‘ಪುಟ ಕಳಿಸಿ’ ಎಂದ ಮೇಲೆ ನಡೆಯುವ ಅನಾಹುತ ಇದು: ಅದೇ ರಾತ್ರಿ ವಸತಿಗೃಹದಿಂದಲೇ ಕಳಿಸಿಬಿಡುವುದು. ಹಗಲಿಡೀ ಕಮ್ಮಟದಲ್ಲಿ ಹನ್ನೊಂದು ಜನ ತೋರಿಸಿದ ತಪ್ಪುಗಳೆಲ್ಲ ಅದರಲ್ಲಿ ಹಾಗೇ ಇರುತ್ತವೆ. ‘ತಿದ್ದಿ ಒಂದು ತಿಂಗಳೊಳಗೆ ಕಳಿಸುತ್ತೇನೆ’ ಎಂದು ಎದುರಿಗೇ ಹೇಳಿ, ತಿದ್ದಿ, ಆಮೇಲೆ ಕಳಿಸಿ. ಮೇಲ್‌ನ ವಿಷಯದ ಸಾಲಿನಲ್ಲಿ ಕೂಟದ ಹೆಸರು, ಕೃತಿಯ ಹೆಸರು, ‘ನೀವು ಕೇಳಿದ ಪುಟಗಳು’ ಎಂಬ ಮಾತು ಇರಲಿ. ಕೇಳಿದ್ದಕ್ಕಿಂತ ಒಂದು ಪುಟವೂ ಹೆಚ್ಚು ಬೇಡ. ಆರರಿಂದ ಎಂಟು ವಾರ ಉತ್ತರ ಇಲ್ಲದಿದ್ದರೆ ನಾಲ್ಕು ಸಾಲಿನ ಒಂದು ಜ್ಞಾಪನೆ. ವಾಟ್ಸಾಪ್‌ನಲ್ಲಿ ದಿನಾ ಶುಭೋದಯ ಬೇಡ. ಇನ್ನೊಬ್ಬರಿಗೂ ಕಳಿಸಿದ್ದರೆ ಇಬ್ಬರಿಗೂ ತಿಳಿಸಿ.

ಅನುವಾದಕರನ್ನು ಹುಡುಕುವ ಬಗೆ, ನವದೆಹಲಿ ಪುಸ್ತಕ ಮೇಳದ ಹಕ್ಕು ವಿನಿಮಯದ ಮೇಜು, ಎರಡೂ ಉಳಿದವು. ಮಧ್ಯಾಹ್ನದ ಪ್ರಶ್ನೋತ್ತರದಲ್ಲಿ ಕೇಳಿ. ಮೂರು ಗಂಟೆಗೆ ಮೊದಲ ಪುಟದ ಗೋಷ್ಠಿ ಇಲ್ಲೇ ಮಾಡುತ್ತೇವೆ. ಪುಟ ತಂದವರು ಹೆಸರು ಬರೆಯದೆ, ಅಕ್ಷರ ದೊಡ್ಡದು ಮಾಡಿ, ಹಿಂದಿನ ಮೇಜಿನ ಡಬ್ಬಿಯಲ್ಲಿ ಹಾಕಿ. ಮೈಕು ಅಧ್ಯಕ್ಷರಿಗೆ.