ಕಾಳುಮೆಣಸಿನ ದಾರಿಯಲ್ಲಿ ಸೋಂದೆಗೆ

ಶಿರಸಿಯ ದೇವಿಕೆರೆ ಹತ್ತಿರ ಚಹಾ ಕುಡಿದು ಯಲ್ಲಾಪುರ ರಸ್ತೆ ಹಿಡಿಯುವಾಗ ಬೆಳಗಿನ ಎಂಟು ಗಂಟೆ ದಾಟಿತ್ತು. ಜನವರಿಯ ಮಂಜು ಇನ್ನೂ ಕರಗಿರಲಿಲ್ಲವಾದ್ದರಿಂದ ಈ ವಿಡಿಯೊದ ಮೊದಲ ದೃಶ್ಯಗಳಲ್ಲಿ ನಿಮಗೆ ಕಾಣುವುದು ಕಾರಿನ ವೈಪರ್ ಮತ್ತು ಅದರಾಚೆಯ ಬಿಳುಪು ಮಾತ್ರ. ಕಾರು ಓಡಿಸುತ್ತಿರುವವರು ನನ್ನ ಭಾವ. ಸೋಂದೆಯವರೆಗಿನ ದೂರ ಸುಮಾರು 20 ಕಿ.ಮೀ. ಇಷ್ಟಕ್ಕೆ ಇಡೀ ದಿನ ಬೇಕೇ ಎಂದು ಮನೆಯಲ್ಲಿ ನಕ್ಕವರಿದ್ದರು. ಭಾವ ಮೂರನೆಯ ಗೇರಿನಿಂದ ಮೇಲೇರುವುದಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಮೊದಲು ಸಹಸ್ರಲಿಂಗದಲ್ಲಿ ನಿಂತೆವು. ಮಳೆಗಾಲದಲ್ಲಿ ಇಲ್ಲಿಗೆ ಬಂದವರಿಗೆ ಶಾಲ್ಮಲಾ ಹೊಳೆಯ ಕೆಂಪು ನೀರಷ್ಟೇ ಸಿಗುತ್ತದೆ; ಲಿಂಗಗಳನ್ನು ನೋಡಬೇಕೆಂದರೆ ನೀರಿಳಿಯುವ ನವೆಂಬರ್ ತನಕ ಕಾಯಬೇಕು. ಸೋಂದೆಯ ಅರಸ ಸದಾಶಿವರಾಯ ಇವನ್ನು ಕೆತ್ತಿಸಿದನೆಂದು ಹೇಳುತ್ತಾರೆ. ಎಣಿಸಲು ಹೋಗಿ ನಲವತ್ತರ ಹತ್ತಿರ ಲೆಕ್ಕ ತಪ್ಪಿಸಿಕೊಂಡೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಎಣಿಕೆಯಲ್ಲ. ಶಿಲ್ಪಿಗಳು ಬಂಡೆಗಳನ್ನು ಸರಿಸಲೂ ಇಲ್ಲ, ಸಮ ಮಾಡಲೂ ಇಲ್ಲ. ಹೊಳೆ ಅವನ್ನು ಹೇಗೆ ಬಿಟ್ಟಿತ್ತೋ ಹಾಗೆಯೇ ಉಳಿಸಿಕೊಂಡು ಕೆತ್ತಿದ್ದರಿಂದ ಒಂದು ಲಿಂಗ ಓರೆಯಾಗಿದೆ, ಇನ್ನೊಂದು ಅರ್ಧ ನೀರಲ್ಲಿದೆ, ಬಸವನೊಬ್ಬನ ಬೆನ್ನಿನ ಮೇಲೆ ಯಾರೋ ಒಗೆದ ಟವೆಲ್ ಒಣಹಾಕಿದ್ದಾರೆ. ಟವೆಲಿನ ದೃಶ್ಯವನ್ನು ನಾನು ಕತ್ತರಿಸಿಲ್ಲ.

ಅಲ್ಲಿಂದ ಮುಂದೆ ಮಂಜು ಹರಿದು, ಕಣಿವೆ ನಿಚ್ಚಳವಾಗಿ ಕಾಣಿಸಿತು. ಎರಡು ಗುಡ್ಡಗಳ ನಡುವೆ ನೀರು ಹರಿಯುವ ತಗ್ಗಿನಲ್ಲಿ ಅಡಿಕೆ ತೋಟ, ತೋಟದ ಅಂಚಿಗೆ ಹಂಚಿನ ಮನೆ, ಮನೆಯ ಹಿಂದೆ ಏರುವ ಸೊಪ್ಪಿನ ಬೆಟ್ಟ. ಈ ಸೀಮೆಯಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೂ ಬೆಟ್ಟದ ಹಕ್ಕಿರುವುದು, ಮರಗಳ ಬುಡಕ್ಕೆ ಹಾಸುವ ಸೊಪ್ಪು ಮತ್ತು ದರಕು (ಒಣಗಿದ ಎಲೆ) ಅಲ್ಲಿಂದಲೇ ಬರಬೇಕೆಂಬ ಕಾರಣಕ್ಕೆ. ಅಡಿಕೆ ಮರವನ್ನು ತಬ್ಬಿ ಏರಿರುವ ಕಾಳುಮೆಣಸಿನ ಬಳ್ಳಿಯನ್ನು ಕ್ಯಾಮೆರಾ ಹತ್ತಿರಕ್ಕೆ ತಂದು ತೋರಿಸುತ್ತೇನೆ. ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾಗಿವೆ. ಕೊಯ್ಲಿಗೆ ಅದೇ ಸೂಚನೆ. ಈ ದಿನದ ಕಥೆಯೆಲ್ಲ ಈ ಬಳ್ಳಿಯದೇ.

ಸೋಂದೆಯನ್ನು ಸೋದೆ, ಸ್ವಾದಿ, ಸುಧಾಪುರ ಎಂದೂ ಕರೆಯುತ್ತಾರೆ. 16ನೇ ಶತಮಾನದಲ್ಲಿ ಅರಸಪ್ಪ ನಾಯಕನಿಂದ ಆರಂಭಿಸಿ ಇಲ್ಲಿ ಆಳಿದವರು ಘಟ್ಟದ ಮೇಲಿನ ತೋಟಗಳನ್ನೂ ಘಟ್ಟದ ಕೆಳಗಿನ ಬಂದರುಗಳನ್ನೂ ಒಟ್ಟಿಗೆ ಹಿಡಿದುಕೊಂಡಿದ್ದರು. ಮೆಣಸಿನ ಆಸೆಗೆ ಬಂದ ಇಂಗ್ಲಿಷರು 1638ರಲ್ಲಿ ಕಾರವಾರದಲ್ಲಿ ಕೋಠಿ, ಅಂದರೆ ವ್ಯಾಪಾರದ ಮಳಿಗೆ, ತೆರೆದರು. ಕಾಳಿ ನದಿ ಕಡಲು ಸೇರುವಲ್ಲಿ ಇಂದು ಎಲ್ಲರೂ ಫೋಟೋ ತೆಗೆಸಿಕೊಳ್ಳುವ ಸದಾಶಿವಗಡಕ್ಕೆ ಆ ಹೆಸರು ಬಂದದ್ದು ಇದೇ ಸೋಂದೆಯ ಅರಸನಿಂದ. ಕಾರವಾರದಲ್ಲಿ ಬೆಳೆದ ನನಗೆ ಆ ಗುಡ್ಡದ ಹೆಸರಿನ ಬೇರು ಈ ಕಣಿವೆಯಲ್ಲಿದೆ ಎಂಬುದು ಬಹಳ ತಡವಾಗಿ ತಿಳಿಯಿತು.

ಇಷ್ಟು ಸಣ್ಣ ಊರಿನ ಸುತ್ತ ಮೂರು ಮಠಗಳಿವೆ. ವಾದಿರಾಜ ಮಠ ಉಡುಪಿಯ ಅಷ್ಟಮಠಗಳಲ್ಲಿ ಒಂದು. ವಾದಿರಾಜರ ವೃಂದಾವನ ಇರುವುದು ಇಲ್ಲೇ. ಸ್ವರ್ಣವಲ್ಲಿ ಅದ್ವೈತ ಪೀಠ. ಮೂರನೆಯದು ಜೈನ ಮಠ, ಅಲ್ಲಿ ನಾವು ಹೋದಾಗ ಬೇರೆ ಯಾರೂ ಇರಲಿಲ್ಲ. ವಾದಿರಾಜ ಮಠದ ಧವಳಗಂಗೆ ಕೊಳದ ಮೆಟ್ಟಿಲ ಮೇಲೆ ಅರ್ಧ ಗಂಟೆ ಸುಮ್ಮನೆ ಕುಳಿತೆವು, ಕ್ಯಾಮೆರಾ ಚೀಲದಲ್ಲಿತ್ತು.

ಕೋಟೆಯ ಬಗ್ಗೆ ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳಬೇಡಿ. ಗೋಡೆಗಳ ಮೇಲೆ ಕಾಡು ಬೆಳೆದಿದೆ, ಹಳೆಯ ಫಿರಂಗಿಗಳಿವೆ, ಒಂದೇ ಕಲ್ಲಿನಲ್ಲಿ ಕಡೆದ ಮಂಚವೊಂದಿದೆ. 1763ರಲ್ಲಿ ಹೈದರಾಲಿಯ ಸೈನ್ಯ ಬಂದಾಗ ಕೊನೆಯ ಅರಸ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯದಲ್ಲಿ ನೆಲೆಸಿದ. ಮಂಚ ಇಲ್ಲೇ ಉಳಿಯಿತು. ಅದರ ಮೇಲೆ ಮಲಗಿದವರ ಬೆನ್ನಿನ ಗತಿಯನ್ನು ಭಾವ ಬಹಳ ಗಂಭೀರವಾಗಿ ವಿಚಾರಿಸುತ್ತಿರುವುದನ್ನು ನೀವು ಕೇಳಬಹುದು.

ಮಧ್ಯಾಹ್ನದ ಊಟಕ್ಕೆ ಭಾವನ ಸೋದರತ್ತೆಯ ಮನೆಗೆ ಹೋದೆವು. ಜಗುಲಿ ಹತ್ತುವ ಮೊದಲೇ “ಆಸ್ರಿಗೆ ಎಂತ ಅಡ್ಡಿಲ್ಲೆ ತಮಾ?” (ಕುಡಿಯಲು ಏನಾಗಬಹುದು ತಮ್ಮಾ?) ಎಂದು ಕೇಳಿದ ಅತ್ತೆ, ಉತ್ತರಕ್ಕೆ ಕಾಯದೆ ಮಜ್ಜಿಗೆ ತಂದಿಟ್ಟರು. ಅನ್ನ, ಅಪ್ಪೆಹುಳಿ, ತಂಬುಳಿ; ಇಷ್ಟೇ ಊಟ, ಇದಕ್ಕಿಂತ ಹೆಚ್ಚಿನದು ಬೇಕಿರಲಿಲ್ಲ. ಅಂಗಳದ ಒಂದು ಪಾಲಿನಲ್ಲಿ ಚಾಲಿಗೆಂದು, ಅಂದರೆ ಸಿಪ್ಪೆ ಸಮೇತ ಬಿಸಿಲಿನಲ್ಲಿ ಒಣಗಲೆಂದು, ಹರವಿದ ಹಣ್ಣಡಿಕೆ ಇತ್ತು, ಇನ್ನೊಂದು ಪಾಲಿನಲ್ಲಿ ಚಾಪೆಗಳ ಮೇಲೆ ಮೆಣಸು. ಬೆಳಿಗ್ಗೆ ಹರವಿದ ಹಸಿರು ಕಾಳು, ನಿನ್ನೆಯ ಕಂದು ಕಾಳು, ಅದಕ್ಕೂ ಮೊದಲಿನ ಕಪ್ಪು ಸುಕ್ಕಿನ ಕಾಳು ಬೇರೆ ಬೇರೆ ಚಾಪೆಯಲ್ಲಿದ್ದವು. ಪೂರ್ತಿ ಹಣ್ಣಾದದ್ದನ್ನು ನೀರಿನಲ್ಲಿ ನೆನೆಸಿ ಸಿಪ್ಪೆ ತೆಗೆದರೆ ಬೋಳುಕಾಳು ಆಗುತ್ತದೆಂದು ಅತ್ತೆ ವಿವರಿಸಿದರು. ಅರಮನೆ ಹೋಗಿ ಎರಡೂವರೆ ಶತಮಾನ ಕಳೆದಿದೆ. ಅದನ್ನು ಸಾಕಿದ ಬೆಳೆ ಇನ್ನೂ ಅಂಗಳದಲ್ಲಿ ಒಣಗುತ್ತಿದೆ, ಕೋಳಿ ಬಂದರೆ ಓಡಿಸಲು ಪಕ್ಕದಲ್ಲಿ ಒಂದು ಕೋಲೂ ಇದೆ.

ಮುಂಡಿಗೆಕೆರೆಗೆ ಹೋಗಲಿಲ್ಲ. ಬೆಳ್ಳಕ್ಕಿಗಳು ಅಲ್ಲಿ ಗೂಡು ಕಟ್ಟುವುದು ಮಳೆಗಾಲದಲ್ಲಿ, ಅದಕ್ಕಾಗಿ ಇನ್ನೊಮ್ಮೆ ಬರುತ್ತೇವೆ.

ಹೊರಡುವಾಗ ಅತ್ತೆ ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿದ ಮೆಣಸಿನ ಪೊಟ್ಟಣವನ್ನು ಕಾರಿನ ಕಿಟಕಿಯಿಂದ ನನ್ನ ತೊಡೆಯ ಮೇಲೆ ಹಾಕಿದರು. ಶಿರಸಿ ತಲುಪುವ ಮೊದಲೇ ಪೊಟ್ಟಣ ಬಿಚ್ಚಿಕೊಂಡು ಕಾಳುಗಳು ಸೀಟಿನ ಸಂದಿಗೆಲ್ಲ ಇಳಿದವು. ಕೊನೆಯ ದೃಶ್ಯದಲ್ಲಿ ದೇವಿಕೆರೆಯ ಬೀದಿದೀಪದ ಕೆಳಗೆ ಕಾರಿನ ಬಾಗಿಲು ತೆರೆದು ಒಂದೊಂದೇ ಕಾಳು ಹೆಕ್ಕುತ್ತಿರುವವರು ನಾವಿಬ್ಬರೇ.