ಟಾರ್ಚ್ ಕೊಟ್ಟು ಊರು ಗೆದ್ದ ನೋಕಿಯಾ, ಎರಡನೇ ಸಿಮ್ಮಿಗೆ ಎಡವಿದ್ದು ಯಾಕೆ?

[ದೃಶ್ಯ: ಶಿರಸಿ ಪೇಟೆಯ ಮೊಬೈಲ್ ರಿಪೇರಿ ಅಂಗಡಿ. ಮೇಜಿನ ಮೇಲೆ ಹಳೇ ನೋಕಿಯಾ 1100]

ನಮಸ್ಕಾರ. ಈ ಫೋನು ನೋಡಿದ ಕೂಡಲೇ ಗುರುತು ಸಿಕ್ಕಿತು ಅಲ್ವಾ? ನೋಕಿಯಾ 1100. 2003ರಲ್ಲಿ ಬಂದಿದ್ದು. ಜಗತ್ತಿನಲ್ಲಿ ಸುಮಾರು 25 ಕೋಟಿ ಮಾರಾಟವಾಯಿತು. ಕಂಪನಿ ಫಿನ್‌ಲೆಂಡಿನದು. ಆದರೂ ಸಿದ್ದಾಪುರದ ತೋಟದ ಮನೆಯಿಂದ ಹಿಡಿದು ಕಾರವಾರದ ಬೈತಖೋಲ ಬಂದರಿನ ತನಕ ಇದೇ ಫೋನು ಓಡಾಡಿತು. ಹೇಗೆ?

[ಕ್ಲೋಸಪ್: ಕೀಪ್ಯಾಡ್]

ಇಲ್ಲಿ ನೋಡಿ. ಕೀಪ್ಯಾಡ್ ಪೂರ್ತಿ ಒಂದೇ ರಬ್ಬರ್ ಹಾಳೆ. ಗುಂಡಿಗಳ ನಡುವೆ ಸಂದಿಯೇ ಇಲ್ಲ, ಧೂಳು ಎಲ್ಲಿಂದ ಹೋಗಬೇಕು? ಒದ್ದೆ ಕೈಯಿಂದ ಜಾರದ ಹಾಗೆ ಪಕ್ಕದಲ್ಲಿ ಹಿಡಿತ ಕೊಟ್ಟಿದ್ದಾರೆ. ಇನ್ನು ತಲೆ ಮೇಲೆ ಪುಟ್ಟ ಟಾರ್ಚ್. ಸಿ ಗುಂಡಿ ಒತ್ತಿ ಹಿಡಿದರೆ ಬೆಳಕು.

ಕ್ಯಾಮೆರಾ ಇಲ್ಲ, ಬಣ್ಣದ ಪರದೆ ಇಲ್ಲ. ಆದರೆ ನಮ್ಮ ಕಡೆ ಮಳೆಗಾಲ ಅಂದರೆ ಗೊತ್ತಲ್ಲ. ಒಂದು ಮರ ತಂತಿ ಮೇಲೆ ಬಿದ್ದರೆ ಕರೆಂಟು ಯಾವಾಗ ಬರುತ್ತೋ ಹೇಳೋರಿಲ್ಲ. ಚಾರ್ಜ್ ಸುಮಾರು ದಿನ ಬರಬೇಕು. ಯಕ್ಷಗಾನದ ಆಟ ಮುಗಿಸಿ ರಾತ್ರಿ ಗದ್ದೆ ಬದುವಿನ ಮೇಲೆ ನಡೆಯುವವರ ಕೈಗೆ ಬೆಳಕು ಬೇಕು. ಭಾರತದಂಥ ದೇಶಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಫೋನು ಮಾಡಿದ್ದು. ಅದಕ್ಕೇ ಜನ ಕೈಬಿಡಲಿಲ್ಲ.

ಕಾಲವೂ ಕೂಡಿ ಬಂತು. 2003ರ ಮೇ ತಿಂಗಳಿಂದ ಒಳಬರುವ ಕರೆ ಫ್ರೀ ಆಯಿತು. ಅದಕ್ಕೂ ಮುಂಚೆ ಕರೆ ಬಂದರೂ ನಮ್ಮ ದುಡ್ಡೇ ಹೋಗುತ್ತಿತ್ತು! 2006ರಲ್ಲಿ ಚೆನ್ನೈ ಹತ್ತಿರದ ಶ್ರೀಪೆರಂಬುದೂರಿನಲ್ಲಿ ನೋಕಿಯಾ ಕಾರ್ಖಾನೆಯೂ ಶುರುವಾಯಿತು.

ನನಗೆ ತುಂಬಾ ಮುಖ್ಯ ಅನ್ನಿಸುವುದು ಇನ್ನು ಮುಂದಿನ ಕಥೆ.

[ದೃಶ್ಯ: ದೇವಿಮನೆ ಘಟ್ಟದ ತಿರುವುಗಳು]

ಆಗೆಲ್ಲ ಶಿರಸಿಯಿಂದ ಕುಮಟಾಕ್ಕೆ ಘಟ್ಟ ಇಳಿಯುವಾಗ ಒಂದು ಕಂಪನಿಯ ರೇಂಜು ಸಿಕ್ಕರೆ ಇನ್ನೊಂದರದು ಸಿಗುತ್ತಿರಲಿಲ್ಲ. ಮನೆ ಹತ್ತಿರ ಬಿಎಸ್‌ಎನ್‌ಎಲ್, ಪೇಟೆಯಲ್ಲಿ ಬೇರೆ. ಕರೆ ದರವೂ ಒಂದೊಂದರದು ಒಂದೊಂದು ಥರ ಇತ್ತು. ಹಾಗಾಗಿ ಜನ ಎರಡು ಸಿಮ್ ಇಟ್ಟುಕೊಂಡು, ಹಿಂದಿನ ಮುಚ್ಚಳ ತೆಗೆದು, ಬ್ಯಾಟರಿ ಎತ್ತಿ, ಸಿಮ್ ಬದಲಿಸುತ್ತಿದ್ದರು. ಎಷ್ಟು ಫೋನಿನ ಮುಚ್ಚಳ ಸಡಿಲಾಗಿ ರಬ್ಬರ್ ಬ್ಯಾಂಡ್ ಹಾಕಿರಲಿಲ್ಲ!

ಇದು ಅಂಗಡಿಯವರಿಗೆ ಕಾಣುತ್ತಿತ್ತು, ಗಿರಾಕಿಗೆ ಕಾಣುತ್ತಿತ್ತು. ಚೀನಾದ ಹೆಸರಿಲ್ಲದ ಸೆಟ್ಟುಗಳು ಎರಡು ಸಿಮ್ ಹಾಕಿ ಕೊಟ್ಟವು. ಮೈಕ್ರೋಮ್ಯಾಕ್ಸ್‌ನಂಥ ನಮ್ಮ ದೇಶದ ಕಂಪನಿಗಳೂ ಅದೇ ದಾರಿ ಹಿಡಿದವು, ರೇಟೂ ಕಡಿಮೆ. ಮೈಕ್ರೋಮ್ಯಾಕ್ಸ್ 2008ರಲ್ಲಿ ತಂದ ಎಕ್ಸ್1ಐ ಫೋನಿನ ಜಾಹೀರಾತೇ 30 ದಿನ ನಿಲ್ಲುವ ಬ್ಯಾಟರಿ ಎಂದು. ಕರೆಂಟಿಲ್ಲದ ಊರನ್ನು ಈ ಸಲ ನೋಡಿದವರು ಬೇರೆಯವರು.

ನೋಕಿಯಾ ಎರಡು ಸಿಮ್ಮಿನ ಫೋನು ಇಳಿಸುವಷ್ಟರಲ್ಲಿ 2010 ದಾಟುತ್ತಿತ್ತು. ಗುಣಮಟ್ಟದಲ್ಲಿ ಸೋತಿರಲಿಲ್ಲ, ಜನರಿಗೆ ಆ ಹೆಸರಿನ ಮೇಲೆ ಅಕ್ಕರೆಯೂ ಇತ್ತು. ಟಾರ್ಚ್ ಕೊಡಬೇಕು ಅಂತ ಹೊಳೆದ ಕಂಪನಿಗೆ ಸಿಮ್ ಬದಲಿಸುವ ಕೈ ಕಾಣಲಿಲ್ಲವಲ್ಲ, ಅದೇ ನನಗೆ ಬೇಜಾರು. ಸೋಲಿಗೆ ಇದೊಂದೇ ಕಾರಣ ಅನ್ನಲಾಗದು, ಆಂಡ್ರಾಯ್ಡ್ ಹೊಡೆತ ಇನ್ನೂ ದೊಡ್ಡದು. ಆದರೆ ಹಳ್ಳಿ ಅಂಗಡಿಗಳು ಕೈತಪ್ಪುವುದಕ್ಕೆ ಶುರುವಾಗಿದ್ದು ಅದಕ್ಕೂ ಮುಂಚೆ, ಈ ಸಿಮ್ಮಿನ ವಿಷಯದಲ್ಲೇ. 2014ರ ಏಪ್ರಿಲ್‌ನಲ್ಲಿ ಫೋನಿನ ವ್ಯಾಪಾರ ಮೈಕ್ರೋಸಾಫ್ಟ್ ಪಾಲಾಯಿತು. ಅದೇ ವರ್ಷ ನವೆಂಬರಿನಲ್ಲಿ ಶ್ರೀಪೆರಂಬುದೂರಿನ ಕಾರ್ಖಾನೆ ಬಾಗಿಲು ಹಾಕಿತು.

ನಿಮ್ಮ ಮನೆಯಲ್ಲಿ ಎರಡು ಸಿಮ್ಮಿನ ಮೊದಲ ಫೋನು ಯಾವುದಿತ್ತು? ಕೆಳಗೆ ಬರೆಯಿರಿ.